ವಿಲಿಯಂ ಕೇರಿಯವರೂ ಗಿಡಮರಗಳ ಎಲೆಗಳೂ

ಆಟಿ ತಿಂಗಳ ಅಮಾವಾಸ್ಯೆಯ ದಿನ ಹೊತ್ತು ಮೂಡುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅದರ ಕಷಾಯವನ್ನು ಮದ್ದೆಂದು ಕುಡಿಯುವ ವಾಡಿಕೆಯು ಹೆಜಮಾಡಿಯ ಸುತ್ತಿನಲ್ಲಿಯೂ ತುಳು ಸೀಮೆಯ ಬೇರೆ ಕಡೆಗಳಲ್ಲಿಯೂ ಉಂಟೆಂಬದನ್ನು ನಮ್ಮ ವಾಚಕರು ಬಲ್ಲರು. ತುಳುವಿನಲ್ಲಿ ಈ ಮರಕ್ಕೆ ಪಾಲೆ ಎಂದು ಹೆಸರು. ಅದೇ ಗುಡ್ಡಗಳಲ್ಲಿ ಕಾಸರಕವೆಂಬ ಇನ್ನೊಂದು ಮರವೂ ಬೆಳೆಯುತ್ತದೆ. ಅದರ ತೊಗಟೆಯೂ ಕಹಿ, ಇದರ ತೊಗಟೆಯೂ ಕಹಿ. ಆದರೆ ಕಾಸರಕದ ತೊಗಟೆಯಲ್ಲಿಯೂ ಬೀಜದಲ್ಲಿಯೂ ಪ್ರಾಣ ತೆಗೆಯುವ ವಿಷವಿದೆ. ಕತ್ತಲಲ್ಲಿ ಮರದ ಬುಡವನ್ನು ಮಾತ್ರ ತಡವಿ, ಒಂದನ್ನು ಇನ್ನೊಂದೆಂದು ಎಣಿಸಿ ಮನೆಗೆ ತಂದವನು ಮದ್ದಿನ ಬಟ್ಟಲಲ್ಲಿ ಮರಣವನ್ನು ಹಂಚಿದಂತಾದೀತು.

ಹಗಲಿನಲ್ಲಿ ತಲೆಯೆತ್ತಿ ಎಲೆಗಳನ್ನು ನೋಡಿದವನಿಗೆ ಈ ಸಂದೇಹವು ಒಂದು ಕ್ಷಣವೂ ನಿಲ್ಲದು. ಹಾಲೆಯ ಕೊಂಬೆಯಲ್ಲಿ ಎಲೆಗಳು ಒಂದೇ ಗಂಟಿನ ಸುತ್ತಲೂ ಚಕ್ರದ ಅರಗಳಂತೆ ನಾಲ್ಕರಿಂದ ಎಂಟರ ವರೆಗೂ ಕೂಡಿರುತ್ತವೆ. ಅನೇಕ ಸಾರಿ ಏಳಿರುವದರಿಂದಲೇ ಸಂಸ್ಕೃತದಲ್ಲಿ ಅದಕ್ಕೆ ಸಪ್ತಪರ್ಣವೆಂಬ ಹೆಸರು ಬಂದಿತು. ಎಲೆಯನ್ನು ಕಿತ್ತರೆ ಬಿಳೀ ಹಾಲು ಒಸರುತ್ತದೆ. ಕಾಸರಕದ ಎಲೆಗಳಾದರೋ ಎದುರುಬದುರಾಗಿ ಎರಡೆರಡೇ ಇರುತ್ತವೆ. ಅವುಗಳಿಗೆ ಹೊಳಪುಂಟು, ಹಾಲಿಲ್ಲ. ಬುಡದಿಂದಲೇ ಮೂರು ಇಲ್ಲವೆ ಐದು ನರಗಳು ಹೊರಟು ತುದಿಯ ಕಡೆಗೆ ಬಾಗಿ ಹೋಗುತ್ತವೆ. ಆದದರಿಂದ ಎಲೆಯ ರೂಪವನ್ನು ತಿಳಿಯುವದು ಕೆಲಸವಿಲ್ಲದವರ ಹವ್ಯಾಸವಲ್ಲ; ಒಂದೊಂದು ಸಾರಿ ಜೀವ ಉಳಿಸುವ ತಿಳುವಳಿಕೆಯಾಗಿದೆ.

ಈ ತಿಳುವಳಿಕೆಯನ್ನು ದೇವರ ವಾಕ್ಯದ ಸೇವೆಯೊಂದಿಗೆ ಹಿಂದೂ ದೇಶದಲ್ಲಿ ನಾಲ್ವತ್ತು ವರುಷ ನಡಿಸಿದ ಒಬ್ಬ ಮಿಷನೆರಿಯ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ. ವಿಲಿಯಂ ಕೇರಿಯವರ ಹೆಸರನ್ನು ಸತ್ಯವೇದದ ಭಾಷಾಂತರದ ಸಂಗಡ ಕೇಳದವರು ನಮ್ಮ ಸಭೆಗಳಲ್ಲಿ ಕಡಿಮೆ. ಅವರು ಗಿಡಮರಗಳನ್ನು ಬಲ್ಲ ಪಂಡಿತರೂ ಆಗಿದ್ದರೆಂಬದನ್ನು ಮಾತ್ರ ಕೆಲವರೇ ಬಲ್ಲರು.

೧. ಬಾಲ್ಯ

ಕೇರಿಯವರು ೧೭೬೧ನೇ ಇಸವಿ ಆಗಸ್ಟ್ ೧೭ರಲ್ಲಿ ಇಂಗ್ಲಂಡಿನ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯಾದ ಎಡ್ಮಂಡನು ಮೊದಲು ನೇಯ್ಗೆಯಿಂದ ಜೀವಿಸಿ, ಆ ಮೇಲೆ ಹಳ್ಳಿಯ ಶಾಲೆಯ ಉಪಾಧ್ಯಾಯನಾದನು. ಪೀಟರ್ ಎಂಬ ಚಿಕ್ಕಪ್ಪನು ತೋಟಗಾರನು. ಗಿಡಗಳ ಮೇಲಣ ಪ್ರೀತಿಯನ್ನು ಹುಡುಗನಲ್ಲಿ ಬಿತ್ತಿದವನು ಈತನೇ. ವಿಲಿಯಂ ಹೊಲದ ಬೇಲಿಗಳಲ್ಲಿ ಅಲೆದಾಡಿ ಹುಳುಗಳನ್ನೂ ಹಕ್ಕಿಗಳನ್ನೂ ಗಿಡಗಳನ್ನೂ ತಂದು ತನ್ನ ಕೋಣೆಯನ್ನು ತುಂಬಿಸಿದನು. ಬಿಸಿಲು ತಾಕಿದರೆ ಅವನ ಮೈಚರ್ಮವು ಕೆರಳಿ ನೋಯುತ್ತಿದ್ದದರಿಂದ ಹೊಲದ ಕೆಲಸವು ಅವನಿಗೆ ಆಗದೆ ಹೋಯಿತು. ಆದಕಾರಣ ಹದಿನಾಲ್ಕನೆಯ ಪ್ರಾಯದಲ್ಲಿ ಪಿಡ್ಡಿಂಗ್ಟನ್ ಎಂಬಲ್ಲಿ ಒಬ್ಬ ಮೋಚಿಯ ಬಳಿಯಲ್ಲಿ ಕೆಲಸ ಕಲಿಯುವದಕ್ಕೆ ಇಡಲ್ಪಟ್ಟನು.

ಆ ಅಂಗಡಿಯಲ್ಲಿ ಹೊಸ ಒಡಂಬಡಿಕೆಯ ಅರ್ಥವಿವರಣೆಯ ಒಂದು ಪುಸ್ತಕವಿತ್ತು. ಅದರಲ್ಲಿ ಅಲ್ಲಲ್ಲಿ ಗ್ರೀಕ್ ಮಾತುಗಳು ಅಚ್ಚಾಗಿದ್ದವು. ಹುಡುಗನಿಗೆ ಆ ಅಕ್ಷರಗಳಲ್ಲಿ ಒಂದಾದರೂ ತಿಳಿಯದು. ಆದರೂ ಕಣ್ಣಿಗೆ ಕಂಡ ಆಕಾರವನ್ನೇ, ಯಾವ ಗೆರೆಯನ್ನೂ ಬಿಡದೆ ಬರೆದುಕೊಂಡು, ತನ್ನ ಹುಟ್ಟೂರಿನಲ್ಲಿ ಗ್ರೀಕ್ ಬಲ್ಲವನಾದ ತಾಮಸ್ ಜೋನ್ಸ್ ಎಂಬ ನೇಯಿಗೆಯವನಿಗೆ ತೋರಿಸಿ ಅರ್ಥವನ್ನು ಕೇಳಿದನು. ಎಲೆಯ ಅಂಚಿನ ಹಲ್ಲುಗಳನ್ನು ನೋಡಿ ಬೆಳೆದ ಕಣ್ಣೇ ಅಕ್ಷರದ ಕೊಂಬು ಸುಳಿಗಳನ್ನೂ ಹಾಗೆಯೇ ನೋಡಿತೆಂದು ನಮಗೆ ತೋರುತ್ತದೆ. ತಾನು ಅರಿಯದಿರುವದನ್ನು ತನಗೆ ಅರಿದಿರುವದರ ಹಾಗೆ ತಿದ್ದದೆ, ಇದ್ದದ್ದನ್ನು ಇದ್ದ ಹಾಗೆಯೇ ನೋಡುವ ಈ ಗುಣವು ಅವರ ಆಯುಷ್ಯವೆಲ್ಲಾ ಅವರೊಂದಿಗಿತ್ತು.

೨. ಕರೆಯೂ ಕಷ್ಟವೂ

೧೭೮೧ರಲ್ಲಿ ಡೊರೊತಿ ಪ್ಲ್ಯಾಕೆಟ್ ಎಂಬಾಕೆಯನ್ನು ಮದುವೆಯಾಗಿ, ೧೭೮೩ರಲ್ಲಿ ದೀಕ್ಷಾಸ್ನಾನ ಹೊಂದಿ, ಕೇರಿಯವರು ಮೊದಲು ಮೌಲ್ಟನಿನಲ್ಲಿಯೂ ೧೭೮೯ರಿಂದ ಲೆಸ್ಟರ್ ಪಟ್ಟಣದಲ್ಲಿಯೂ ಸಭಾಪಾಲಕರಾಗಿದ್ದರು. ಅನ್ಯದೇಶಗಳವರಿಗೆ ಸುವಾರ್ತೆ ಸಾರುವ ಹಂಗು ಸಭೆಗುಂಟೆಂದು ತೋರಿಸುವ ಚಿಕ್ಕ ಗ್ರಂಥವನ್ನು ೧೭೯೨ರಲ್ಲಿ ಪ್ರಕಟಿಸಿದರು. ಅದೇ ವರುಷ ಅಕ್ಟೋಬರ್ ೨ರಲ್ಲಿ ಕೆಟ್ಟರಿಂಗ್ ಎಂಬಲ್ಲಿ ಬಾಪ್ಟಿಸ್ಟ್ ಮಿಷನ್ ಸಂಘವು ಹುಟ್ಟಿತು. ೧೭೯೩ರ ಜೂನ್ ತಿಂಗಳಲ್ಲಿ ಡೇನಿಷ್ ಹಡಗನ್ನೇರಿ, ನವೆಂಬರಿನಲ್ಲಿ ಅವರು ಕುಟುಂಬದೊಂದಿಗೆ ಕಲ್ಕತ್ತೆಗೆ ತಲಪಿದರು.

ಇಲ್ಲಿ ಒಂದು ವ್ಯಸನದ ಸಂಗತಿಯನ್ನು ಮರೆಮಾಡದೆ ಹೇಳಬೇಕು. ಡೊರೊತಿಯಮ್ಮನವರಿಗೆ ಈ ಪ್ರಯಾಣಕ್ಕೆ ಮನಸ್ಸಿರಲಿಲ್ಲ. ಮೊದಲು ಬರಲೊಲ್ಲೆನೆಂದು ಹೇಳಿ, ಕಡೆಯ ಗಳಿಗೆಯಲ್ಲಿ ತಂಗಿಯನ್ನು ಜೊತೆಗೆ ಕರಕೊಂಡು ಹೊರಟರು. ೧೭೯೪ರಲ್ಲಿ ಕೇರಿಯವರು ಉತ್ತರ ಬಂಗಾಳದ ಮದ್ನಾಬಾಟಿಯಲ್ಲಿ ನೀಲಿಯ ಕಾರಖಾನೆಯ ಮೇಲ್ವಿಚಾರಣೆಗೆ ನಿಂತಾಗ ಅವರ ಐದು ವರುಷದ ಮಗನಾದ ಪೀಟರ್ ಆಮಶಂಕೆಯಿಂದ ತೀರಿಹೋದನು. ಆ ದುಃಖದ ತರುವಾಯ ತಾಯಿಯ ಬುದ್ಧಿಯು ಕದಡಿತು; ೧೮೦೭ರಲ್ಲಿ ಆಕೆ ತೀರಿಕೊಳ್ಳುವ ತನಕ ಅದು ತಿಳಿಯಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಆಕೆಯ ಕೂಗಾಟವಿರುವಾಗಲೇ ಕೇರಿಯವರು ವಾಕ್ಯವನ್ನು ಭಾಷಾಂತರಿಸಿದರು. ಆಕೆಯನ್ನು ಮನೆಯಿಂದ ಹೊರಗೆ ಕಳುಹಿಸದೆ ತಾವೇ ಇಟ್ಟುಕೊಂಡರು. ಆದರೆ ಮಕ್ಕಳನ್ನು ಸಾಕಿ ತಿದ್ದುವ ಭಾರವು ಬಹು ಮಟ್ಟಿಗೆ ಜೊತೆಗಾರರಾದ ಮಾರ್ಷ್ಮನರ ಹೆಂಡತಿ ಹನ್ನಾ ಅಮ್ಮನವರ ಮೇಲೆ ಬಿದ್ದಿತು. ದೊಡ್ಡ ಸೇವೆಗೆ ತೆತ್ತ ಬೆಲೆಯನ್ನು ಯಾವಾಗಲೂ ಸೇವಕನೊಬ್ಬನೇ ತೆರುವದಿಲ್ಲವೆಂಬದನ್ನು, ಊರೂರು ತಿರುಗುವ ಉಪದೇಶಿಗಳಾದ ನಾವು ನೆನಪಿನಲ್ಲಿಡುವದು ಒಳ್ಳೇದು.

ಮದ್ನಾಬಾಟಿಯ ಆ ವರುಷಗಳಲ್ಲಿ ಒಬ್ಬ ಬಂಗಾಳಿಯಾದರೂ ಸಭೆಗೆ ಸೇರಲಿಲ್ಲ. ಆಗ ಅವರ ಮನಸ್ಸಿಗೆ ಉಸಿರಾಡುವ ಸ್ಥಳವೊಂದು ಇದ್ದದ್ದು ತೋಟದಲ್ಲಿ. ಇಂಗ್ಲಂಡಿನಿಂದ ಬೀಜಗಳನ್ನು ತರಿಸಿ ಬಿತ್ತಿದರು. ಅಲ್ಲಿಯ ಗಿಡಗಳನ್ನು ಒಂದೊಂದಾಗಿ ನೋಡಿ ಬರೆದುಕೊಂಡರು. ೧೮೦೦ನೇ ಇಸವಿಯ ಜನವರಿಯಲ್ಲಿ ಡೇನರ ಕೈಕೆಳಗಿದ್ದ ಶ್ರೀರಾಂಪುರಕ್ಕೆ ಬಂದು ಮಾರ್ಷ್ಮನ್, ವಾರ್ಡ್ ಎಂಬವರೊಂದಿಗೆ ನೆಲೆಸಿದರು. ಅದೇ ವರುಷದ ಡಿಸೆಂಬರಿನಲ್ಲಿ ಕೃಷ್ಣ ಪಾಲ್ ಎಂಬ ಬಡಗಿಯು ದೀಕ್ಷಾಸ್ನಾನ ಹೊಂದಿದನು. ೧೮೦೧ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಅಚ್ಚಾಯಿತು. ಅದೇ ವರುಷ ಕೇರಿಯವರು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಭಾಷೆಗಳ ಉಪಾಧ್ಯಾಯರಾದರು.

೩. ಎಲೆಯನ್ನು ನೋಡುವ ಕ್ರಮ

ಶ್ರೀರಾಂಪುರದಲ್ಲಿ ಸುಮಾರು ಐದು ಎಕರೆಯ ತೋಟವನ್ನು ಮಾಡಿ, ಸ್ವೀಡನ್ ದೇಶದ ಲಿನ್ನೇಯಸ್ ಪಂಡಿತನು ತೋರಿಸಿದ ವರ್ಗಗಳ ಪ್ರಕಾರ ಗಿಡಗಳನ್ನು ಸಾಲಾಗಿ ನೆಟ್ಟರು. ಈ ಪಂಡಿತನ ಕ್ರಮದಲ್ಲಿ ಹೂವಿನೊಳಗಿನ ಕೇಸರಗಳನ್ನು ಎಣಿಸಿ ಗಿಡದ ವರ್ಗವನ್ನು ತಿಳಿಯುವರು. ಹೂವಿನ ಮತ್ತು ಕಾಯಿಯ ರಚನೆಯಿಂದ ಕುಲವನ್ನು ತಿಳಿಯುವರು. ಒಂದೇ ಕುಲದಲ್ಲಿ ಈ ಜಾತಿ ಆ ಜಾತಿ ಎಂದು ಬೇರ್ಪಡಿಸುವದಕ್ಕೆ ಮಾತ್ರ ಹೆಚ್ಚಾಗಿ ಎಲೆಯನ್ನೇ ನೋಡುವರು. ೧೭೫೧ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಎಲೆಯ ಒಂದೊಂದು ಆಕಾರಕ್ಕೂ ಒಂದೊಂದು ಹೆಸರು ಗೊತ್ತುಮಾಡಲ್ಪಟ್ಟಿತು. ಇದರಿಂದ ಕಲ್ಕತ್ತೆಯಲ್ಲಿ ಬರೆದ ವರ್ಣನೆಯನ್ನು ಲಂಡನಿನಲ್ಲಿ ಓದಿದವನು, ಗಿಡವನ್ನು ಕಾಣದೆಯೇ, ಅದರ ರೂಪವನ್ನು ಮನಸ್ಸಿನಲ್ಲಿ ಬರೆದುಕೊಳ್ಳಬಹುದಾಯಿತು.

ಈ ಕ್ರಮವು ಪಂಡಿತರಿಗೆ ಮಾತ್ರ ಸಾಧ್ಯವೆಂದು ನಮ್ಮ ವಾಚಕರು ಎಣಿಸಬಾರದು. ಹಿತ್ತಿಲ ಗಿಡಗಳಿಂದಲೇ ಅದನ್ನು ತೋರಿಸುವೆವು.

ಮೊದಲು, ಎಲೆಗಳು ಕೊಂಬೆಯ ಮೇಲೆ ಕೂತಿರುವ ರೀತಿಯನ್ನು ನೋಡಬೇಕು. ದಾಸವಾಳದಲ್ಲಿ ಒಂದರ ನಂತರ ಒಂದು, ಆಚೆಗೊಂದು ಈಚೆಗೊಂದು ಇರುತ್ತದೆ. ಎಕ್ಕದಲ್ಲಿ ಎರಡೆರಡು ಎದುರುಬದುರಾಗಿ ನಿಲ್ಲುತ್ತವೆ. ಕಣಗಿಲೆಯಲ್ಲಿ ಸಾಮಾನ್ಯವಾಗಿ ಮೂರು ಮೂರು ಒಂದೇ ಗಂಟಿನಲ್ಲಿರುತ್ತವೆ. ಈ ಮೊದಲನೆಯ ನೋಟವೇ ಅರ್ಧ ಸಂದೇಹವನ್ನು ತೀರಿಸುತ್ತದೆ.

ಎರಡನೆಯದಾಗಿ, ಎಲೆಯು ಒಂದೇ ಹಾಳೆಯೋ ಅಥವಾ ಅನೇಕ ಎಸಳುಗಳಾಗಿ ಒಡೆದದ್ದೋ ಎಂದು ನೋಡಬೇಕು. ಬೇವಿನ ಗರಿಯಲ್ಲಿರುವ ಒಂದೊಂದು ಎಸಳನ್ನು ಒಂದೊಂದು ಎಲೆಯೆಂದು ಹೊಸಬರು ಎಣಿಸುವರು. ಆದರೆ ಎಲೆಯ ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗೊಂದು ಇರುತ್ತದೆ. ಎಸಳಿನ ಬುಡದಲ್ಲಿ ಮೊಗ್ಗಿರುವದಿಲ್ಲ. ಇದನ್ನು ನೋಡಿದರೆ ಇಡೀ ಗರಿಯೇ ಒಂದು ಎಲೆಯೆಂದು ತಿಳಿಯುತ್ತದೆ. ಬಿಲ್ವಪತ್ರೆಯಲ್ಲಿ ಎಸಳುಗಳು ಮೂರು. ಬೂರುಗದಲ್ಲಿ ಅಂಗೈಯ ಬೆರಳುಗಳ ಹಾಗೆ ಒಂದೇ ಕಡೆಯಿಂದ ಹರಡಿರುತ್ತವೆ.

ಮೂರನೆಯದಾಗಿ, ಆಕಾರ, ತುದಿ, ಅಂಚು ಇವುಗಳನ್ನು ನೋಡಬೇಕು. ವೀಳ್ಯದೆಲೆಯು ಹೃದಯದ ಆಕಾರದ್ದು. ಮಾವಿನದು ಭರ್ಜಿಯ ಅಲಗಿನಂಥದ್ದು. ಒಂದೆಲಗದ್ದು ಮೂತ್ರಪಿಂಡದಂತೆ ದುಂಡಾಗಿ ಬುಡದಲ್ಲಿ ಸೀಳಿದ್ದು. ಅರಳಿ ಮರದ ಎಲೆಯ ತುದಿಯು ಬಾಲದ ಹಾಗೆ ನೀಳವಾಗಿದೆ. ಹೆಜಮಾಡಿಯ ಕಡಲ ಕರೆಯ ಮರಳಿನ ಮೇಲೆ ಹಬ್ಬುವ ಅಡುಂಬು ಬಳ್ಳಿಯ ಎಲೆಯು ತುದಿಯಲ್ಲಿ ಎರಡಾಗಿ ಸೀಳಿ ಆಡಿನ ಗೊರಸಿನಂತೆ ಕಾಣುತ್ತದೆ. ಲ್ಯಾಟಿನಿನಲ್ಲಿಯೂ ಪಂಡಿತರು ಅದಕ್ಕೆ ಆಡಿನ ಪಾದವೆಂದೇ ಹೆಸರಿಟ್ಟಿದ್ದಾರೆ. ನಮ್ಮ ಮೊಗವೀರರ ಮಕ್ಕಳು ದಿನಾಲೂ ಕಾಣುವದನ್ನೇ ದೂರದೇಶದ ಪಂಡಿತರೂ ಕಂಡರು.

ನಾಲ್ಕನೆಯದಾಗಿ ನರಗಳು. ಅದೇ ಕರಾವಳಿಯ ಹೊನ್ನೆ ಮರದ ದಪ್ಪ ಎಲೆಯನ್ನು ಬೆಳಕಿಗೆ ಹಿಡಿದರೆ, ನಡುನರದಿಂದ ಅಂಚಿನ ವರೆಗೆ ಲೆಕ್ಕವಿಲ್ಲದ ಸಣ್ಣ ನರಗಳು ಒತ್ತೊತ್ತಾಗಿ, ಮಗ್ಗದ ನೂಲುಗಳಂತೆ ಸಮನಾಗಿ ಓಡುವದು ಕಾಣುತ್ತದೆ. ಕಡೆಗೆ ಎಲೆಯನ್ನು ಹರಿದು ಹಾಲುಂಟೋ ಎಂದು ನೋಡಬೇಕು. ಕರಿಬೇವಿನಂಥ ಗಿಡವನ್ನು ಹಿಸುಕಿ ಮೂಸಲೂ ಬೇಕು. ಆದರೆ ಅರಿಯದ ಎಲೆಯನ್ನು ಬಾಯಿಗೆ ಹಾಕಬಾರದು. ಎಕ್ಕದ ಹಾಲನ್ನು ಕಣ್ಣಿಗೆ ತಾಗಿಸಬಾರದು. ಕಣಗಿಲೆಯು ಬೇರಿನಿಂದ ಹೂವಿನ ವರೆಗೂ ವಿಷವೇ.

ಇಷ್ಟೆಲ್ಲಾ ನೋಡಿದ ಮೇಲೆಯೂ ಅವಸರಪಡುವವನು ಮೋಸಹೋಗುವನು. ಹಲಸಿನ ಎಳೇ ಸಸಿಯ ಎಲೆಗಳು ಅಂಚಿನಲ್ಲಿ ಆಳವಾಗಿ ಸೀಳಿರುವದುಂಟು. ಬೆಳೆದ ಮರದವು ಸೀಳಿಲ್ಲದ ಅಖಂಡ ಎಲೆಗಳು. ಒಂದೇ ಎಲೆಯನ್ನು ಕಂಡು ತೀರ್ಪು ಹೇಳಿದವನು ಮಗುವನ್ನೂ ತಾಯಿಯನ್ನೂ ಬೇರೆ ಬೇರೆ ಕುಲದವರೆಂದು ಹೇಳುವನು. ಆದದರಿಂದಲೇ ಕೇರಿಯವರು ಗಿಡಗಳನ್ನು ತಮ್ಮ ತೋಟದಲ್ಲಿ ನೆಟ್ಟು, ಮೊಳಕೆಯಿಂದ ಕಾಯಿಯ ತನಕ ಕಾದು ನೋಡಿದರು. ಅಂಬೊಯ್ನಾ ದ್ವೀಪದಲ್ಲಿ ಸೇವೆಗಿದ್ದ ಮಗನಾದ ಜೇಬೆಜನಿಗೆ ಬರೆದ ಕಾಗದಗಳಲ್ಲಿಯೂ ಸುವಾರ್ತೆಯ ಕೆಲಸಕ್ಕೆ ಬುದ್ಧಿಹೇಳಿ, ಅಲ್ಲಿಯ ಗಿಡಗಳನ್ನು ಪೆಟ್ಟಿಗೆಯಲ್ಲಿ ಹೇಗೆ ಕಟ್ಟಿ ಕಳುಹಿಸಬೇಕೆಂಬದನ್ನೂ ಕಲಿಸಿದರು.

೪. ಗ್ರಂಥಗಳು

ಕಂಪೆನಿಯವರ ಕಲ್ಕತ್ತಾ ಸಸ್ಯೋದ್ಯಾನವನ್ನು ಆಗ ನೋಡಿಕೊಳ್ಳುತ್ತಿದ್ದ ಡಾಕ್ಟರ್ ರಾಕ್ಸ್‌ಬರ್ಗ್ ಎಂಬವರು ಕೇರಿಯವರ ಸ್ನೇಹಿತರು. ರೋಗದಿಂದ ಬಳಲಿ ೧೮೧೩ರಲ್ಲಿ ಅವರು ಈ ದೇಶವನ್ನು ಬಿಡುವಾಗ ತಮ್ಮ ಕೈಬರಹಗಳನ್ನು ಕೇರಿಯವರಿಗೆ ಒಪ್ಪಿಸಿದರು. ಆ ಉದ್ಯಾನದ ಸುಮಾರು ೩೫೦೦ ಜಾತಿಗಳ ಪಟ್ಟಿಯು ೧೮೧೪ರಲ್ಲಿ ಶ್ರೀರಾಂಪುರದ ಮಿಷನ್ ಛಾಪಖಾನೆಯಿಂದ ಕೇರಿಯವರ ಕೈಯಿಂದ ಹೊರಬಂತು. ರಾಕ್ಸ್‌ಬರ್ಗರು ೧೮೧೫ರಲ್ಲಿ ತೀರಿಕೊಂಡರು. ಆದರೂ ಕೇರಿಯವರು ಸತ್ತ ಸ್ನೇಹಿತನ ಕೆಲಸವನ್ನು ಬಿಡಲಿಲ್ಲ. ಹಿಂದೂ ದೇಶದ ಗಿಡಮರಗಳ ವರ್ಣನೆಯಾದ ಅವರ ದೊಡ್ಡ ಗ್ರಂಥದ ಮೊದಲನೆಯ ಸಂಪುಟವು ೧೮೨೦ರಲ್ಲಿಯೂ, ಮೂರು ಸಂಪುಟಗಳ ಆವೃತ್ತಿಯು ೧೮೩೨ರಲ್ಲಿಯೂ ಶ್ರೀರಾಂಪುರದಲ್ಲಿ ಅಚ್ಚಾದವು. ಆಗ ಕೇರಿಯವರಿಗೆ ಎಪ್ಪತ್ತು ದಾಟಿತ್ತು. ಆ ಗ್ರಂಥದಲ್ಲಿ ಲ್ಯಾಟಿನ್ ಹೆಸರಿನೊಂದಿಗೆ ಸಂಸ್ಕೃತ, ಬಂಗಾಳಿ, ತೆಲುಗು ಹೆಸರುಗಳಿಗೂ ಸ್ಥಳವುಂಟು. ಊರಿನವರು ಕರೆದ ಹೆಸರನ್ನು ಅವರು ಕೀಳೆಂದು ಎಣಿಸಲಿಲ್ಲ.

ರಾಕ್ಸ್‌ಬರ್ಗರು ಒಂದು ಮರದ ಕುಲಕ್ಕೆ ತಮ್ಮ ಸ್ನೇಹಿತನ ನೆನಪಿಗಾಗಿ ಕೇರಿಯಾ ಎಂದು ಹೆಸರಿಟ್ಟರು. ಆ ಕುಲದ ದೊಡ್ಡ ಮರವನ್ನು ನಮ್ಮವರು ಕವಲು ಎಂತಲೂ ದಡ್ಡಾಲವೆಂತಲೂ ಕರೆಯುವರು. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿಯೂ ಅದು ಬೆಳೆಯುತ್ತದೆ. ಮೇಲೆ ಹೇಳಿದ ಕ್ರಮದಲ್ಲಿಯೇ ಅದನ್ನು ಗುರುತಿಸಬಹುದು. ಎಲೆಗಳು ಎದುರುಬದುರಾಗಿರದೆ ಒಂದರ ನಂತರ ಒಂದಾಗಿ, ಕೊಂಬೆಯ ತುದಿಯಲ್ಲಿ ಗುಂಪುಗೂಡಿರುತ್ತವೆ. ಒಂದೊಂದು ಎಲೆಯೂ ತುದಿಯ ಕಡೆಗೆ ಅಗಲವಾಗಿ, ತೊಟ್ಟಿನ ಕಡೆಗೆ ಸಪುರವಾಗುತ್ತಾ ಬರುತ್ತದೆ. ಅಂಚಿನಲ್ಲಿ ಸಣ್ಣ ಮೊಂಡು ಹಲ್ಲುಗಳಿವೆ. ಉದುರುವ ಮುಂಚೆ ಎಲೆಗಳು ಕೆಂಪಾಗುತ್ತವೆ. ಬೇಸಿಗೆಯಲ್ಲಿ ತುಂಬ ಕೇಸರಗಳುಳ್ಳ ದೊಡ್ಡ ಹೂವುಗಳು ಅರಳಿ, ತಲೆಯಲ್ಲಿ ಕಿರೀಟವಿದ್ದಂತೆ ತೋರುವ ದುಂಡು ಹಸುರು ಕಾಯಿಗಳು ಬಿಡುತ್ತವೆ. ಈ ದೇಶಕ್ಕೆ ಹಡಗಿನಿಂದ ಇಳಿದ ಮೋಚಿಯ ಹೆಸರು, ಅವರು ಕಾಲಿಡದ ನಮ್ಮ ಗುಡ್ಡದ ಮರಕ್ಕೂ ಹೀಗೆ ಸೇರಿತು.

ಕೇರಿಯವರು ೧೮೧೮ರಲ್ಲಿ ಸ್ಥಾಪಿತವಾದ ಶ್ರೀರಾಂಪುರದ ಕಾಲೇಜಿನಲ್ಲಿ ದೇವವಿದ್ಯೆಯೊಂದಿಗೆ ಸಸ್ಯವಿದ್ಯೆಯನ್ನೂ ಕಲಿಸಿದರು. ೧೮೨೦ರಲ್ಲಿ ಬೇಸಾಯವನ್ನೂ ತೋಟಗಾರಿಕೆಯನ್ನೂ ಉತ್ತಮಪಡಿಸುವ ಸಂಘವನ್ನು ಕಲ್ಕತ್ತೆಯಲ್ಲಿ ಕಟ್ಟಿದರು. ಬಡ ರೈತನ ಹೊಲವು ಹೆಚ್ಚು ಫಲಕೊಡಬೇಕೆಂಬದೂ ಅವರ ಪ್ರಾರ್ಥನೆಯೊಳಗಿತ್ತು.

೫. ಬೆಂಕಿಯೂ ನೆರೆಯೂ

೧೮೧೨ರ ಮಾರ್ಚ್ ೧೧ರ ಸಂಜೆ ಶ್ರೀರಾಂಪುರದ ಛಾಪಖಾನೆಗೆ ಬೆಂಕಿ ಹತ್ತಿತು. ಕೇರಿಯವರು ಆಗ ಕಲ್ಕತ್ತೆಯಲ್ಲಿದ್ದರು. ಎಷ್ಟೋ ವರುಷಗಳ ಕೈಬರಹಗಳು, ಅನೇಕ ಭಾಷೆಗಳ ನಿಘಂಟಿನ ಕಾಗದಗಳು, ತೆಲುಗು ವ್ಯಾಕರಣ, ಅವುಗಳೊಂದಿಗೆ ನಮ್ಮ ಕನ್ನಡ ಹೊಸ ಒಡಂಬಡಿಕೆಯ ಕೈಬರಹವೂ ಬೂದಿಯಾದವು. ಬೂದಿಯ ನಡುವೆ ನಿಂತು ಅವರು ಅತ್ತರು. ಆದರೆ ನಡೆದ ದಾರಿಯನ್ನು ಎರಡನೆಯ ಸಾರಿ ನಡೆಯುವವನ ಹೆಜ್ಜೆ ಇನ್ನೂ ಗಟ್ಟಿಯಾಗಿರುವದೆಂದು ತಿಳಿದು, ಕೆಲಸವನ್ನು ಮೊದಲಿಂದ ಆರಂಭಿಸಿದರು. ೧೮೧೭ರಲ್ಲಿ ಅವರ ಕನ್ನಡ ವ್ಯಾಕರಣವು ಅಚ್ಚಾಗಿ ಬಂತು. ೧೮೨೦ರ ನಂತರದ ಮೊದಲ ವರುಷಗಳಲ್ಲಿ ಶ್ರೀರಾಂಪುರದ ಕನ್ನಡ ಹೊಸ ಒಡಂಬಡಿಕೆಯೂ ಬಂತು. ಕನ್ನಡ ನಾಡನ್ನು ನೋಡದ ಒಬ್ಬನು ಸುಟ್ಟುಹೋದ ಕನ್ನಡದ ಕೆಲಸವನ್ನು ಪುನಃ ಮಾಡಿದನೆಂಬದು ನಮಗೆ ಸಣ್ಣ ಮಾತಲ್ಲ.

೧೮೨೩ರ ಅಕ್ಟೋಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ದೋಣಿಯಿಂದ ಇಳಿಯುವಾಗ ಬಿದ್ದು ಕಾಲಿಗೆ ಗಾಯವಾಗಿ, ಜ್ವರದಿಂದ ಮಲಗಿರುವಾಗಲೇ ದಾಮೋದರ ನದಿಯ ನೆರೆಯು ನುಗ್ಗಿ ತೋಟವನ್ನು ಹಾಳುಮಾಡಿತು. ಇಪ್ಪತ್ತು ವರುಷಕ್ಕಿಂತಲೂ ಹೆಚ್ಚು ಕಾಲ ಕೂಡಿಸಿದ ಗಿಡಗಳು ಕೆಸರಿನಲ್ಲಿ ಹೂತುಹೋದವು. ನಡೆಯಲಾರದಿದ್ದರೂ ಅವರು ಹೊಸ ಬೀಜಗಳಿಗಾಗಿ ಸ್ನೇಹಿತರಿಗೆ ಕಾಗದಗಳನ್ನು ಬರೆದರು. ತೋಟವು ಪುನಃ ಚಿಗುರಿತು.

ಒಂದು ಸಾರಿ ಇಂಗ್ಲಂಡಿನಿಂದ ಬಂದ ಬೀಜದ ಚೀಲವನ್ನು ತೋಟದ ನೆರಳಿನ ಮೂಲೆಯಲ್ಲಿ ಕೊಡಹಿದಾಗ, ಅದರ ಮಣ್ಣಿನಿಂದ ಡೇಸಿ ಎಂಬ ಸಣ್ಣ ಗಿಡವೊಂದು ತಾನಾಗಿ ಹುಟ್ಟಿತು. ಅದು ಅವರ ಹುಟ್ಟೂರಿನ ಹುಲ್ಲುಗಾವಲಿನಲ್ಲಿ ಎಲ್ಲರೂ ತುಳಿದು ನಡೆಯುವ ಗಿಡ. ಎಷ್ಟೋ ವರುಷಗಳಿಂದ ಅದನ್ನು ಕಾಣದಿದ್ದ ಕೇರಿಯವರು ಒಡಹುಟ್ಟಿದವನನ್ನು ಕಂಡಂತೆ ಸಂತೋಷಪಟ್ಟು, ಬೀಜವನ್ನು ಕೂಡಿಸಿಟ್ಟು ವರುಷ ವರುಷವೂ ಬಿತ್ತಿದರು.

೬. ಅಂತ್ಯ

ನಡೆಯುವ ಶಕ್ತಿಯು ಹೋದ ಮೇಲೆ ಅವರನ್ನು ಗಾಲಿಯ ಕುರ್ಚಿಯಲ್ಲಿ ತೋಟಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಅದೂ ಆಗದೆ ಹೋದಾಗ ತೋಟದ ಮಾಲಿಯು ಹಾಸಿಗೆಯ ಬಳಿಗೆ ಬಂದು ಗಿಡಗಳ ಸಮಾಚಾರವನ್ನು ಹೇಳುತ್ತಿದ್ದನು. ತಾನು ಹೋದ ಮೇಲೆ ತೋಟಕ್ಕೆ ದನಗಳನ್ನು ಬಿಟ್ಟಾರೆಂದು ಅವರು ಒಂದು ದಿವಸ ದುಃಖಪಡಲು, ಮುದುಕರಾದ ಮಾರ್ಷ್ಮನರು ತೋಟವನ್ನು ಕಾಯುವೆನೆಂದು ಮಾತುಕೊಟ್ಟು ಸಮಾಧಾನಪಡಿಸಿದರು. ೧೮೩೪ರ ಜೂನ್ ೯ರಲ್ಲಿ ಕೇರಿಯವರು ಕರ್ತನಲ್ಲಿ ನಿದ್ರೆಹೋದರು. ಗೋರಿಯ ಕಲ್ಲಿನ ಮೇಲೆ ಹೆಸರು, ಹುಟ್ಟಿದ ಸತ್ತ ದಿನಗಳು, ತನ್ನ ಅಯೋಗ್ಯತೆಯನ್ನು ಒಪ್ಪಿ ಕ್ರಿಸ್ತನ ಕೈಗಳ ಮೇಲೆ ಬೀಳುವ ಒಂದು ಗೀತದ ಎರಡು ಸಾಲುಗಳು, ಇಷ್ಟೇ ಸಾಕೆಂದು ಅವರು ಮೊದಲೇ ಕಟ್ಟಳೆಯಿಟ್ಟಿದ್ದರು.

ಅದೇ ವರುಷ ಅಕ್ಟೋಬರಿನಲ್ಲಿ ಬಾಸೆಲ್ ಮಿಷನಿನ ಮೊದಲಿನ ಮೂವರು ಬೋಧಕರಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು ಮಂಗಳೂರಿಗೆ ಬಂದಿಳಿದರು. ತೋಟದ ಪ್ರೀತಿಯೂ ವಾಕ್ಯದ ಪ್ರೀತಿಯೂ ಕೂಡಿ ಬಂದ ಕ್ರಮವು ಇಲ್ಲಿಯೂ ಕಾಣಿಸಿತು. ಮಂಗಳೂರಿನ ಸುತ್ತಲೂ ನೀಲಗಿರಿಯಲ್ಲಿಯೂ ಮೆಟ್ಸ್ ಎಂಬ ಬೋಧಕರು ಕೂಡಿಸಿ ಒಣಗಿಸಿದ ಗಿಡಗಳನ್ನು ಹೋಹೆನಾಕ್ಕರ್ ಎಂಬ ಪಂಡಿತರು ಯುರೋಪಿನ ಸಂಗ್ರಹಗಳಿಗೆ ಹಂಚಿದರು. ಕೆನರಾ ಸೀಮೆಯ ಹೆಸರನ್ನು ಹೊತ್ತ ೧೮೪೯ರ ಚೀಟಿಗಳು ಆ ಒಣ ಎಲೆಗಳ ಮಗ್ಗುಲಲ್ಲಿ ಅಂಟಿಸಲ್ಪಟ್ಟವು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಬೋಧಕರ ಕನ್ನಡ ನಿಘಂಟಿನಲ್ಲಿಯೂ ನಮ್ಮ ಗಿಡಮರಗಳ ಹೆಸರುಗಳು ಪಂಡಿತರು ಇಟ್ಟ ಹೆಸರುಗಳೊಂದಿಗೆ ಕೂಡಿಸಲ್ಪಟ್ಟಿವೆ.

ಪ್ರಿಯ ವಾಚಕರೇ, ಲೆಬನೋನಿನ ದೇವದಾರಿನಿಂದ ಗೋಡೆಯಲ್ಲಿ ಮೊಳೆಯುವ ಸಣ್ಣ ಗಿಡದ ತನಕ ಸೊಲೊಮೋನನು ಮಾತಾಡಿದನೆಂದು ಸತ್ಯವೇದದಲ್ಲಿ ಕಾಣುತ್ತೇವೆ. ಎಲೆ ತುಂಬಿದ್ದರೂ ಫಲವಿಲ್ಲದ ಅಂಜೂರದ ಮರವನ್ನು ನಮ್ಮ ಕರ್ತನು ಕಂಡ ಸಂಗತಿಯೂ ಅಲ್ಲಿಯೇ ಉಂಟು. ಎಲೆಯಿಂದ ಮರದ ಹೆಸರು ತಿಳಿದೀತು. ಮರದ ಗುಣವು ಫಲದಿಂದಲೇ ತಿಳಿಯಬೇಕು. ಕೇರಿಯವರ ಜೀವನದಲ್ಲಿ ಎರಡೂ ಇದ್ದವು. ಅವರ ಮನೆಯ ನೋವೂ ಅದರೊಳಗೆ ಇತ್ತು.

ನಮ್ಮ ಭಾನುವಾರ ಶಾಲೆಗಳ ಉಪಾಧ್ಯಾಯರು ಈ ವರುಷ ಮಕ್ಕಳಿಂದ ಊರಿನ ಗಿಡಮರಗಳ ಎಲೆಗಳನ್ನು ತರಿಸಿ, ಹಳೇ ಕಾಗದಗಳ ನಡುವೆ ಒತ್ತಿ ಒಣಗಿಸಿ, ತುಳು ಹೆಸರನ್ನೂ ಕನ್ನಡ ಹೆಸರನ್ನೂ ಕೆಳಗೆ ಬರೆಯಿಸಲಿ. ಹೆಸರು ಬಲ್ಲ ಅಜ್ಜಿಯರು ಇನ್ನೂ ನಮ್ಮ ಸಭೆಗಳಲ್ಲಿದ್ದಾರೆ. ಅವರನ್ನು ಈಗಲೇ ಕೇಳಬೇಕು. ಆ ಪುಸ್ತಕದ ಮೊದಲನೆಯ ಪುಟದಲ್ಲಿ ಹಾಲೆಯ ಎಲೆಯನ್ನೂ ಕಾಸರಕದ ಎಲೆಯನ್ನೂ ಎದುರುಬದುರಾಗಿ ಅಂಟಿಸಿ, ಮಳೆಗಾಲದಲ್ಲಿ ಆಟಿ ತಿಂಗಳು ಬರುವ ಮೊದಲೇ ನೆರೆಹೊರೆಯವರೆಲ್ಲರಿಗೂ ತೋರಿಸಲಿ.